ಒಳಗಿನ ‘ಕರೆಂಟ್’ಗೆ ಹೆದರಿ ಚಿಕಿತ್ಸೆ ಅರ್ಧಕ್ಕೆ ಬಿಡಬೇಡಿ

ಐದು ವಾರ ಆಸ್ಪತ್ರೆಗೆ ಓಡಾಡಿ ‘ಕರೆಂಟ್’ ತಗೊಂಡಾಯ್ತು. ರಕ್ತಸ್ರಾವ ನಿಂತಿದೆ, ಬಿಳಿಸೆರಗು ಕಡಿಮೆಯಾಗಿದೆ, ಊಟವೂ ರುಚಿಸ್ತಾ ಇದೆ. ಅಷ್ಟರಲ್ಲಿ ಡಾಕ್ಟರು, ‘ಇನ್ನು ಒಳಗಿನಿಂದ ಕರೆಂಟ್ ಕೊಡಬೇಕು’ ಅಂತಾರೆ. ಯೋನಿಯ ಮೂಲಕ ನಳಿಕೆ ಹಾಕ್ತಾರೆ ಅಂತ ಕೇಳಿದ್ದೇ ತಡ, ಎದೆ ಝಲ್ ಅನ್ನುತ್ತೆ. ಪಕ್ಕದ ಬೆಡ್ಡಿನವರು ಇನ್ನೊಂದಿಷ್ಟು ಸೇರಿಸಿ ಹೇಳಿರ್ತಾರೆ. ‘ಗುಣವಾಯ್ತಲ್ಲ, ಇನ್ಯಾಕೆ ಅದೆಲ್ಲ?’ ಅಂತ ಮನೆಯವರೂ ದನಿಗೂಡಿಸಿದರೆ ಮುಗೀತು. ಗರ್ಭಕೊರಳಿನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುವ ಎಷ್ಟೋ ಹೆಣ್ಣುಮಕ್ಕಳು ಎಡವುವುದು ಇದೇ ಜಾಗದಲ್ಲಿ.

ರಕ್ತ ನಿಂತಿತು ಅಂದರೆ ಗಡ್ಡೆ ಕುಗ್ಗಿದೆ ಅಂತ ಅರ್ಥ, ಹೋಗಿದೆ ಅಂತಲ್ಲ. ಹೊರಗಿನಿಂದ ಸಾಮಾನ್ಯವಾಗಿ 25 ಬಾರಿ, ಒಟ್ಟು 45 ಗ್ರೇಯಷ್ಟು ವಿಕಿರಣ ಕೊಡ್ತಾರೆ. (ಗ್ರೇ ಅಂದರೆ ವಿಕಿರಣದ ಅಳತೆ.) ಗಡ್ಡೆಯ ಬೇರು ಸುಡಬೇಕಾದರೆ ಒಳಗಿನದೂ ಸೇರಿ 85 ಗ್ರೇಯ ಆಸುಪಾಸು ಅಥವಾ ಅದಕ್ಕೂ ಹೆಚ್ಚು ಬೇಕು. ಅಷ್ಟನ್ನೂ ಹೊರಗಿನಿಂದಲೇ ಕೊಟ್ಟರೆ ಮುಂದಿರುವ ಮೂತ್ರಕೋಶ, ಹಿಂದಿರುವ ಗುದನಾಳ, ಮೇಲಿರುವ ಕರುಳು ಎಲ್ಲಕ್ಕೂ ಪೆಟ್ಟು. ಅದಕ್ಕೇ ಒಳಗಿನ ಚಿಕಿತ್ಸೆ. ಇದರ ಹೆಸರು ಬ್ರೇಕಿಥೆರಪಿ. ದೇವರ ದೀಪದ ಹತ್ತಿರ ಬೆರಳು ಹಿಡಿದರೆ ಸುಡುತ್ತೆ, ಒಂದು ಗೇಣು ಸರಿದರೆ ಬಿಸಿಯೇ ತಾಗೋಲ್ಲ ಅಲ್ಲವೇ? ಇಲ್ಲಿಯೂ ಅಷ್ಟೇ, ವಿಕಿರಣದ ಮೂಲವನ್ನು ಗಡ್ಡೆಯ ಮಗ್ಗುಲಿಗೇ ಒಯ್ದು ಇಡ್ತಾರೆ.

ಆದರೆ ಎಲ್ಲಿ, ಎಷ್ಟು ಹೊತ್ತು ಇಡಬೇಕು? ಇಲ್ಲೇ ಇರುವುದು ನಿಜವಾದ ಕೆಲಸ. ಮೊದಲೆಲ್ಲ ಎರಡು ಎಕ್ಸ್-ರೇ ತೆಗೆದು ಲೆಕ್ಕ ಹಾಕುತ್ತಿದ್ದರು. ಗರ್ಭಕೊರಳಿನಿಂದ 2 ಸೆಂ.ಮೀ. ಮೇಲೆ, 2 ಸೆಂ.ಮೀ. ಪಕ್ಕಕ್ಕೆ ಒಂದು ಬಿಂದು ಗುರುತಿಸಿ, ಅಲ್ಲಿಗೆ ಇಷ್ಟು ವಿಕಿರಣ ಅಂತ ನಿಗದಿ. 1938ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಶುರುವಾದ ಪದ್ಧತಿ ಇದು. ಗಡ್ಡೆ ದೊಡ್ಡದಿರಲಿ ಚಿಕ್ಕದಿರಲಿ, ಬಿಂದು ಅದೇ. ರೆಡಿಮೇಡ್ ಬ್ಲೌಸ್ ಥರ ಅನ್ನಿ, ಕೆಲವರಿಗೆ ಸರಿಯಾಗಿ ಕೂರುತ್ತೆ, ಕೆಲವರಿಗೆ ಬಿಗಿ, ಕೆಲವರಿಗೆ ಸಡಿಲ. ಎಕ್ಸ್-ರೇಯಲ್ಲಿ ಮೂಳೆ, ನಳಿಕೆ ಕಾಣುತ್ತೆ, ಗಡ್ಡೆ ಕಾಣೋದಿಲ್ಲ!

ಈಗ ಅಳತೆ ತೆಗೆದು ಹೊಲಿಯುವ ಕಾಲ. ನಳಿಕೆ ಕೂರಿಸಿದ ಮೇಲೆ ಎಂಆರ್‌ಐ ಅಥವಾ ಸಿಟಿ ಸ್ಕ್ಯಾನ್ ಮಾಡ್ತಾರೆ. ಕಂಪ್ಯೂಟರ್ ಪರದೆಯ ಮೇಲೆ ವೈದ್ಯರು ಉಳಿದ ಗಡ್ಡೆ, ಮೂತ್ರಕೋಶ, ಗುದನಾಳ, ಕರುಳು ಎಲ್ಲದರ ಗೆರೆ ಎಳೀತಾರೆ. ಭೌತವಿಜ್ಞಾನಿಯೊಬ್ಬರು ಕೂತು, ಗಡ್ಡೆಗೆ ಪೂರ್ತಿ ತಲುಪುವಂತೆ, ಪಕ್ಕದ ಅಂಗಕ್ಕೆ ಮಿತಿ ಮೀರದಂತೆ ಲೆಕ್ಕ ಹೊಂದಿಸ್ತಾರೆ. ಎಷ್ಟು ಸೂಕ್ಷ್ಮ ಅಂದರೆ, ಪ್ರತಿ ಅಂಗದಲ್ಲೂ ಅತಿ ಹೆಚ್ಚು ವಿಕಿರಣ ಬೀಳುವ 2 ಮಿ.ಲೀ. ಭಾಗವನ್ನೇ, ಅಂದರೆ ಅರ್ಧ ಟೀ ಚಮಚಕ್ಕಿಂತ ಕಡಿಮೆ ಜಾಗವನ್ನು, ಬೇರೆಯಾಗಿ ನೋಡ್ತಾರೆ. ಗಡ್ಡೆ ಒಂದು ಪಕ್ಕಕ್ಕೆ ಹೆಚ್ಚು ಹಬ್ಬಿದ್ದರೆ ಆ ಕಡೆ ಒಂದೆರಡು ಸೂಜಿ ಸೇರಿಸುವುದೂ ಉಂಟು.

ಇಷ್ಟೆಲ್ಲ ಮಾಡಿ ಪ್ರಯೋಜನ ಏನು ಅಂತೀರಾ? ಎಂಆರ್‌ಐ ನೋಡಿಕೊಂಡು ಹೀಗೆ ಚಿಕಿತ್ಸೆ ಪಡೆದ 1,300ಕ್ಕೂ ಹೆಚ್ಚು ಮಹಿಳೆಯರನ್ನು ‘ಎಂಬ್ರೇಸ್’ ಎಂಬ ಅಂತರರಾಷ್ಟ್ರೀಯ ಅಧ್ಯಯನ ಗಮನಿಸಿತು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಐದು ವರ್ಷದ ಲೆಕ್ಕದಲ್ಲಿ ಶೇ. 92ರಷ್ಟು ಮಂದಿಯಲ್ಲಿ ರೋಗ ಅದೇ ಜಾಗದಲ್ಲಿ ಹತೋಟಿಯಲ್ಲಿತ್ತು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯೂ ಅದರಲ್ಲಿ ಪಾಲ್ಗೊಂಡಿತ್ತು. ಹಾಗಂತ ‘ಎಂಆರ್‌ಐ ಇರೋ ಆಸ್ಪತ್ರೆ ಸಿಗೋವರೆಗೂ ಕಾಯ್ತೀನಿ’ ಅನ್ನಬೇಡಿ. ಸಿಟಿ ಸ್ಕ್ಯಾನ್‌ನಲ್ಲೂ ಚೆನ್ನಾಗಿ ಯೋಜನೆ ಮಾಡಬಹುದು. ಕಾಯುವುದೇ ಹೆಚ್ಚು ಅಪಾಯ. ಹೊರಗಿನದು, ಒಳಗಿನದು ಸೇರಿ ಚಿಕಿತ್ಸೆ ಎಂಟು ವಾರದೊಳಗೆ ಮುಗಿಯಬೇಕು. ನಾದಿನಿ ಮದುವೆ, ಮಕ್ಕಳ ಪರೀಕ್ಷೆ ಯಾವುದೂ ಇದಕ್ಕಿಂತ ದೊಡ್ಡದಲ್ಲ ಕಣ್ರೀ.

ಆ ದಿನ ಏನಾಗುತ್ತೆ?

ಖಾಲಿ ಹೊಟ್ಟೆಯಲ್ಲಿ ಬರಹೇಳ್ತಾರೆ. ಎನಿಮಾ ಕೊಟ್ಟು ಹೊಟ್ಟೆ ಖಾಲಿ ಮಾಡಿಸಿ, ಮೂತ್ರಕ್ಕೆ ನಳಿಕೆ ಹಾಕ್ತಾರೆ. ಬೆನ್ನಿಗೆ ಇಂಜೆಕ್ಷನ್ ಅಥವಾ ಮಂಪರು ಬರಿಸುವ ಔಷಧಿ ಕೊಟ್ಟ ಮೇಲೆ ಗರ್ಭಕೋಶದೊಳಕ್ಕೆ ಒಂದು ತೆಳು ನಳಿಕೆ, ಗರ್ಭಕೊರಳಿನ ಪಕ್ಕಕ್ಕೆ ಇನ್ನೆರಡು ಅಥವಾ ಒಂದು ಉಂಗುರ ಇಟ್ಟು, ಅಲುಗಾಡದಂತೆ ಗಾಜ್ ಬಟ್ಟೆ ತುಂಬ್ತಾರೆ. ಆಮೇಲೆ ಸ್ಕ್ಯಾನ್, ಲೆಕ್ಕ. ಗಂಟೆಗಟ್ಟಲೆ ಹಂದಾಡದೆ ಮಲಗಿರಬೇಕು, ಬೇಸರದ ಭಾಗ ಇದೇ. ನೋವಿದ್ದರೆ ಹಲ್ಲು ಕಚ್ಚಿ ಸಹಿಸಬೇಡಿ, ಬಾಯಿಬಿಟ್ಟು ಕೇಳಿ, ಔಷಧಿ ಕೊಡ್ತಾರೆ. ಹೆರಿಗೆ ನೋವೇ ತಡೆದೋಳು ನಾನು ಅನ್ನೋ ಧೈರ್ಯ ಇಲ್ಲಿ ತೋರಿಸಬೇಕಾಗಿಲ್ಲ. ಕೊನೆಗೆ ಅಕ್ಕಿಕಾಳಿಗಿಂತ ದೊಡ್ಡದಲ್ಲದ ಇರಿಡಿಯಂ ಚೂರು, ತಂತಿಯ ತುದಿಯಲ್ಲಿ ಯಂತ್ರದಿಂದ ನಳಿಕೆಯೊಳಗೆ ಬಂದು, ಅಲ್ಲಲ್ಲಿ ಕೆಲವು ಸೆಕೆಂಡು ನಿಂತು, ವಾಪಸ್ ಹೋಗುತ್ತೆ. ಸಾಮಾನ್ಯವಾಗಿ ಹತ್ತಿಪ್ಪತ್ತು ನಿಮಿಷದ ಕೆಲಸ. ಅದು ಕಣ್ಣಿಗೆ ಕಾಣಿಸೋಲ್ಲ, ಸುಡೋದೂ ಇಲ್ಲ. ಆಸ್ಪತ್ರೆಯ ಕ್ರಮದಂತೆ ಎರಡರಿಂದ ನಾಲ್ಕು ಬಾರಿ ಕೊಡ್ತಾರೆ.

ಮನೆಗೆ ಬಂದ ಮೇಲೆ ತಟ್ಟೆ ಲೋಟ ಬೇರೆ ಇಡೋದು, ಮೊಮ್ಮಗುವನ್ನು ಹತ್ತಿರ ಬಿಡದಿರೋದು, ಇವೆಲ್ಲ ಏನೂ ಬೇಡ. ಯಂತ್ರದ ಚೂರು ಯಂತ್ರಕ್ಕೇ ಹೋಗಿರುತ್ತೆ, ನಿಮ್ಮ ಮೈಯಲ್ಲಿ ವಿಕಿರಣ ಉಳಿದಿರೋಲ್ಲ.

ಯಾರೂ ಬಾಯಿಬಿಡದ ಒಂದು ವಿಷಯವಿದೆ. ಚಿಕಿತ್ಸೆಯ ನಂತರ ಯೋನಿ ಒಣಗುವುದು, ಕಿರಿದಾಗುವುದು ಸಾಮಾನ್ಯ. ಮುಟ್ಟು ನಿಲ್ಲದವರಿಗೆ ಅದೂ ನಿಲ್ಲುತ್ತೆ. ಡೈಲೇಟರ್ ಎಂಬ ನಯವಾದ ಸಾಧನವನ್ನು ಯಾವಾಗಿನಿಂದ, ಹೇಗೆ ಬಳಸಬೇಕು, ದಾಂಪತ್ಯ ಯಾವಾಗ ಶುರು ಮಾಡಬಹುದು ಅಂತ ಸಂಕೋಚವಿಲ್ಲದೆ ಕೇಳಿ. ಡಾಕ್ಟರ ಹತ್ತಿರ ಆಗದಿದ್ದರೆ ನರ್ಸಮ್ಮನ ಹತ್ತಿರವಾದರೂ ಕೇಳಿ. ಯಜಮಾನರನ್ನೂ ಜತೆಗೆ ಕೂರಿಸಿಕೊಳ್ಳಿ. ಕೊರಳಿನ ಪರೀಕ್ಷೆಗೆ ಮೈ ಬಿಗಿಯಾಗದಿರಲೂ ಇದು ಬೇಕು.

ಖರ್ಚಿನ ಚಿಂತೆಯಿದ್ದರೆ, ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ ಯೋಜನೆಯಲ್ಲಿ ಬರುತ್ತದೆಯೇ ಎಂದು ರೇಷನ್ ಕಾರ್ಡ್, ಆಧಾರ್ ಹಿಡಿದು ಮೊದಲ ದಿನವೇ ಆಸ್ಪತ್ರೆಯ ಕೌಂಟರಿನಲ್ಲಿ ವಿಚಾರಿಸಿ.

ಇನ್ನೊಂದು. ಚಿಕಿತ್ಸೆ ಮುಗಿದು ತಿಂಗಳುಗಳೇ ಕಳೆದ ಮೇಲೆ ಮಲದಲ್ಲಿ ಅಥವಾ ಮೂತ್ರದಲ್ಲಿ ರಕ್ತ ಕಂಡರೆ, ಮೂಲವ್ಯಾಧಿ ಇರಬೇಕು ಅಂತ ಅಂಗಡಿ ಮುಲಾಮು ಹಚ್ಚಿಕೊಂಡು ಕೂರಬೇಡಿ. ವಿಕಿರಣ ಕೊಟ್ಟ ವೈದ್ಯರಿಗೇ ಮೊದಲು ತೋರಿಸಿ. ಬೇರೆ ಡಾಕ್ಟರ ಹತ್ತಿರ ಹೋದರೆ, ‘ನನಗೆ ಒಳಗಿನಿಂದ ಕರೆಂಟ್ ಕೊಟ್ಟಿದ್ದಾರೆ’ ಅಂತ ಹೇಳಿ ಡಿಸ್ಚಾರ್ಜ್ ಚೀಟಿ ತೋರಿಸಿ. ಆ ಜಾಗದಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸುವ ಮುಂಚೆ ಅವರಿಗೆ ಅದು ಗೊತ್ತಿರಬೇಕು, ಏಕೆಂದರೆ ವಿಕಿರಣ ಬಿದ್ದ ಕಡೆ ಗಾಯ ಬೇಗ ಮಾಯುವುದಿಲ್ಲ.