ಆ ಅರ್ಧ ಗಂಟೆಯನ್ನು ತೋರಿಸುವ ವಾಚು ಯಾವುದು?

ಮನೆಯವರು ಗಲ್ಫಿನಲ್ಲಿದ್ದರೆ ಇಲ್ಲಿರುವ ಹೆಂಗಸರಿಗೆ ಸಮಯದ ಲೆಕ್ಕವೇ ಒಂದು ಕೆಲಸ. ಮಂಗಳೂರಿನಲ್ಲಿ ರಾತ್ರಿ ಎಂಟೂವರೆಯಾದಾಗ ದುಬೈಯಲ್ಲಿ ಏಳು, ಜಿದ್ದಾದಲ್ಲಿ ಆರು. ಈಗ ಫೋನ್ ಮಾಡಿದರೆ ಅವರು ಕೆಲಸದಲ್ಲಿರಬಹುದೇ, ಮಗ್ರಿಬ್ ನಮಾಝ್‌ಗೆ ಹೊರಟಿರಬಹುದೇ ಎಂದು ಯೋಚಿಸಿಯೇ ನಂಬರ್ ಒತ್ತಬೇಕು. ಇಂತಹ ಮನೆಗಳಿಗೆ ಎರಡು ದೇಶಗಳ ಸಮಯವನ್ನು ಒಟ್ಟಿಗೆ ತೋರಿಸುವ ವಾಚು ಒಳ್ಳೆಯ ಉಡುಗೊರೆ ಅನ್ನಿಸುವುದು ಸಹಜ. ರಜೆ ಮುಗಿಸಿ ಹೊರಡುವ ಪತಿಗೆ, ಮೊದಲ ಸಲ ವಿಮಾನ ಹತ್ತುವ ಮಗನಿಗೆ, ಮದುವೆಯಲ್ಲಿ ಅಳಿಯನಿಗೆ ಇದನ್ನು ಕೊಡುವವರಿದ್ದಾರೆ. (ಅಳಿಯನ ಕಡೆಯವರು ಕೇಳಿದ್ದಕ್ಕೆ ಕೊಡುವುದಾದರೆ ಅದಕ್ಕೆ ಉಡುಗೊರೆ ಎಂಬ ಹೆಸರು ಸಲ್ಲದು. ಆ ವಿಷಯ ಬೇರೆಯೇ ಇದೆ.) ದುಬಾರಿ ಕಂಪೆನಿಗಳ ಇಂತಹ ವಾಚುಗಳ ಬೆಲೆ ಲಕ್ಷಗಳಲ್ಲಿರುತ್ತದೆ. ವರ್ಷಗಟ್ಟಲೆ ಕೂಡಿಟ್ಟ ಹಣ ಅದು. ಕೊಡುವ ಮೊದಲು ಒಂದು ಮಾತು ತಿಳಿದಿರಲಿ: ಇವುಗಳಲ್ಲಿ ಹೆಚ್ಚಿನವು ಭಾರತದ ಮತ್ತು ಗಲ್ಫಿನ ಸಮಯವನ್ನು ಒಟ್ಟಿಗೆ ಸರಿಯಾಗಿ ತೋರಿಸುವುದಿಲ್ಲ.

ಕಾರಣ ನಮ್ಮ ಅರ್ಧ ಗಂಟೆ. ಭೂಮಿ ಒಂದು ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಹೀಗಾಗಿ ಹೆಚ್ಚಿನ ದೇಶಗಳು ಗ್ರೀನ್‌ವಿಚ್ ಸಮಯದಿಂದ ಪೂರ್ತಿ ಗಂಟೆಗಳ ಅಂತರ ಇಟ್ಟುಕೊಂಡಿವೆ. ಸೌದಿ ಅರೇಬಿಯಾ, ಕುವೈತ್, ಕತರ್, ಬಹ್ರೈನ್ ಮೂರು ಗಂಟೆ ಮುಂದೆ. ಯುಎಇ ಮತ್ತು ಒಮಾನ್ ನಾಲ್ಕು ಗಂಟೆ ಮುಂದೆ. ನಮ್ಮ ಸಮಯಕ್ಕೆ ಆಧಾರ ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ರೇಖಾಂಶ. ಅದನ್ನು 15ರಿಂದ ಭಾಗಿಸಿದರೆ ಐದೂವರೆ ಬರುತ್ತದೆ. ತರಗತಿಯಲ್ಲಿ ಈ ಲೆಕ್ಕ ಮಾಡಿಸಿದಾಗ ಮಕ್ಕಳಿಗೆ ಬಹಳ ಖುಷಿ. 1906ರಲ್ಲಿ ಜಾರಿಗೆ ಬಂದ ಈ ಸಮಯ ದೇಶಕ್ಕೆ ಅನುಕೂಲವೇ ಆಯಿತು, ವಾಚು ಮಾಡುವವರಿಗೆ ಮಾತ್ರ ತೊಡಕಾಯಿತು.

ತೊಡಕು ಏನೆಂದು ನೋಡಿ. ರೋಲೆಕ್ಸ್ ಕಂಪೆನಿ 1955ರಲ್ಲಿ ಜಿಎಂಟಿ-ಮಾಸ್ಟರ್ ಎಂಬ ವಾಚನ್ನು ಹೊರತಂದಿತು. ಅಮೆರಿಕದ ಪ್ಯಾನ್ ಆಮ್ ವಿಮಾನ ಸಂಸ್ಥೆಯ ಪೈಲಟ್‌ಗಳು ಅದನ್ನು ಕಟ್ಟುತ್ತಿದ್ದರು. ಮಾಮೂಲು ಮುಳ್ಳುಗಳ ಜೊತೆಗೆ ದಿನಕ್ಕೆ ಒಂದೇ ಸುತ್ತು ಹಾಕುವ ಇನ್ನೊಂದು ಮುಳ್ಳು, ಗಾಜಿನ ಸುತ್ತ 24 ಗಂಟೆಗಳ ಅಂಕಿ ಬರೆದ ತಿರುಗುವ ಉಂಗುರ, ಇಷ್ಟೇ ಅದರ ವಿಶೇಷ. ಇಂದಿನ ಹೆಚ್ಚಿನ ಜಿಎಂಟಿ ವಾಚುಗಳು ಅದೇ ಜಾತಿಯವು. ಇಲ್ಲಿ ಗಂಟೆಯ ಮುಳ್ಳು ಎರಡಿದ್ದರೂ ನಿಮಿಷದ ಮುಳ್ಳು ಒಂದೇ. ಮಂಗಳೂರಿನಲ್ಲಿ 10 ಗಂಟೆ 10 ನಿಮಿಷವಾದಾಗ ರಿಯಾದ್‌ನಲ್ಲಿ 7 ಗಂಟೆ 40 ನಿಮಿಷ. ವಾಚು 7 ಗಂಟೆ 10 ನಿಮಿಷ ಎನ್ನುತ್ತದೆ, ಇಲ್ಲವೇ 8 ಗಂಟೆ 10 ನಿಮಿಷ ಎನ್ನುತ್ತದೆ. ಉಳಿದ ಅರ್ಧ ಗಂಟೆಯನ್ನು ನಾವೇ ಕೂಡಿಸಬೇಕು, ಇಲ್ಲವೇ ಕಳೆಯಬೇಕು. ಅದನ್ನು ಈಗಲೂ ಬಿಟ್ಟಿಯಾಗಿಯೇ ಮಾಡುತ್ತಿದ್ದೇವಲ್ಲ!

ಸ್ವಲ್ಪ ಅನುಕೂಲವಿರುವ ವಾಚುಗಳೂ ಇವೆ. ರೋಲೆಕ್ಸಿನ ಈಗಿನ ಜಿಎಂಟಿ-ಮಾಸ್ಟರ್ 2ರಲ್ಲಿ ಉಂಗುರ ಒಂದು ಸುತ್ತಿಗೆ 24 ಹೆಜ್ಜೆ ತಿರುಗಿದರೆ, 2018ರಲ್ಲಿ ಬಂದ ಟ್ಯೂಡರ್ ಬ್ಲ್ಯಾಕ್ ಬೇ ಜಿಎಂಟಿಯಲ್ಲಿ 48 ಹೆಜ್ಜೆ. ಹಾಗಾಗಿ ಅದರ ಉಂಗುರವನ್ನು ಅರ್ಧ ಗಂಟೆಗೂ ನಿಲ್ಲಿಸಬಹುದು. ಆದರೂ ನಿಮಿಷದ ಲೆಕ್ಕ ತಲೆಯಲ್ಲೇ ಆಗಬೇಕು. ವಶರಾನ್ ಕಾನ್‌ಸ್ಟಾಂಟಿನ್ ಕಂಪೆನಿಯ ವರ್ಲ್ಡ್ ಟೈಮ್ ವಾಚು ಅರ್ಧ ಗಂಟೆ, ಮುಕ್ಕಾಲು ಗಂಟೆಯ ವಲಯಗಳನ್ನೂ ಸೇರಿಸಿ 37 ವಲಯಗಳನ್ನು ತೋರಿಸುತ್ತದೆ. ಆದರೆ ಅದರ ಬೆಲೆಯಲ್ಲಿ ಊರಿನಲ್ಲಿ ಮನೆ ಕಟ್ಟುವ ಯೋಚನೆ ಮಾಡಬಹುದು.

ನನ್ನ ಮಟ್ಟಿಗೆ ನಮ್ಮ ಮನೆಗಳಿಗೆ ಹೆಚ್ಚು ಒಪ್ಪುವುದು, ಒಂದೇ ವಾಚಿನಲ್ಲಿ ಎರಡು ಪ್ರತ್ಯೇಕ ಯಂತ್ರಗಳೂ ಎರಡು ಡಯಲ್‌ಗಳೂ ಇರುವಂಥದ್ದು. ಎರಡನ್ನೂ ಬೇರೆ ಬೇರೆ ಕೀಲಿಯಿಂದ ಹೊಂದಿಸುವುದರಿಂದ ಅರ್ಧ ಗಂಟೆಯ ತಕರಾರೇ ಬರುವುದಿಲ್ಲ. ಬ್ಯಾಟರಿಯಲ್ಲಿ ಓಡುವ ಇಂಥವು ಮಧ್ಯಮ ಬೆಲೆಗೂ ಸಿಗುತ್ತವೆ. ಇನ್ನು ಕೆಲವೇ ಸಾವಿರ ರೂಪಾಯಿಯ ಕ್ಯಾಸಿಯೋ ಡಿಜಿಟಲ್ ವಾಚಿನಲ್ಲಿ ದಿಲ್ಲಿಯೂ ಜಿದ್ದಾವೂ ನಿಮಿಷ ತಪ್ಪದೆ ಬರುತ್ತವೆ. ಅದನ್ನು ಮದುವೆಗೆ ಕಟ್ಟಿಕೊಂಡು ಹೋಗಲು ಯಾರೂ ಒಪ್ಪುವುದಿಲ್ಲ ಅನ್ನುವುದು ಬೇರೆ ಮಾತು.

ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು, "ಇದರಲ್ಲಿ ನಮ್ಮ ಸಮಯ ಮತ್ತು ರಿಯಾದ್ ಸಮಯ ಎರಡನ್ನೂ ಇಟ್ಟು ತೋರಿಸಿ" ಎನ್ನಿ. ಮಾರುವವನಿಗೇ ಅದು ಬಾರದಿದ್ದರೆ ಮನೆಯಲ್ಲಿ ನಿಮಗೆ ಬರುವುದು ಕಷ್ಟ. ಬ್ಯಾಟರಿಯಿಲ್ಲದ ಆಟೋಮ್ಯಾಟಿಕ್ ವಾಚುಗಳನ್ನು ಎರಡು ಮೂರು ದಿನ ಕಟ್ಟದೆ ಇಟ್ಟರೆ ಹೆಚ್ಚಿನವು ನಿಂತುಹೋಗುತ್ತವೆ; ಮತ್ತೆ ಎರಡು ಸಮಯವನ್ನೂ ಇಡಬೇಕು. ಕೆಲವು ವರ್ಷಗಳಿಗೊಮ್ಮೆ ಬಿಚ್ಚಿ ಸರ್ವಿಸ್ ಮಾಡಿಸಬೇಕು, ಅದಕ್ಕೂ ಸಾವಿರಾರು ರೂಪಾಯಿ ಬೇಕು.

ಗಂಡಸರಿಗೆ ಕೊಳ್ಳುವಾಗ ಲೋಹವನ್ನೂ ವಿಚಾರಿಸಿ. ದುಬಾರಿ ವಾಚುಗಳಲ್ಲಿ ಸ್ಟೀಲಿನ ನಡುವೆ ಕಾಣುವ ಹಳದಿ ಬಣ್ಣ ಎಷ್ಟೋ ಸಲ ನಿಜವಾದ ಚಿನ್ನವೇ ಆಗಿರುತ್ತದೆ. ಗಂಡಸರಿಗೆ ಚಿನ್ನ ನಿಷಿದ್ಧವೆಂಬುದು ನಿಮಗೆ ಗೊತ್ತೇ ಇದೆ. ಪೂರ್ತಿ ಸ್ಟೀಲಿನದೋ ಟೈಟೇನಿಯಮ್ಮಿನದೋ ಕೊಂಡರೆ ಚಿಂತೆಯಿಲ್ಲ. ವುಝೂ ಮಾಡುವಾಗ ನೀರು ಮಣಿಕಟ್ಟಿನ ಚರ್ಮಕ್ಕೆ ತಲುಪಲೇಬೇಕಾದ್ದರಿಂದ ದಿನಕ್ಕೆ ಹಲವು ಸಲ ವಾಚನ್ನು ಬಿಚ್ಚುವುದು ಇದ್ದದ್ದೇ. ಹಾಗಾಗಿ ಸುಲಭವಾಗಿ ಬಿಚ್ಚಿ ಹಾಕಲು ಬರುವ, ಗಟ್ಟಿ ಕೊಂಡಿಯ ಲೋಹದ ಚೈನು ಇರಲಿ. ಚರ್ಮದ ಬೆಲ್ಟು ಒದ್ದೆಯಾಗಿ ಒದ್ದೆಯಾಗಿ ಬೇಗ ಕೆಡುತ್ತದೆ, ವಾಸನೆಯೂ ಬರುತ್ತದೆ.

ಹೆಂಗಸರು ತಮಗಾಗಿ ಹುಡುಕಿದರೆ ಇನ್ನೊಂದು ತೊಂದರೆ ಇದೆ. ರೋಲೆಕ್ಸಿನದು 40, ಟ್ಯೂಡರಿನದು 41 ಮಿಲಿಮೀಟರ್ ಅಗಲ. ಸಣ್ಣ ಕೈಗೆ ತಟ್ಟೆ ಕಟ್ಟಿದಂತೆ ಕಾಣುತ್ತದೆ. ಫೋನಿಗಾಗಿ ಕಾಯುವವರು ಮನೆಯಲ್ಲಿರುವ ಹೆಂಗಸರು, ಆದರೂ ಈ ವಾಚುಗಳನ್ನು ಮಾಡುವವರು ಹೆಚ್ಚಾಗಿ ಹೊರಟುಹೋಗುವ ಗಂಡಸರ ಕೈಯ ಅಳತೆಯನ್ನೇ ಹಿಡಿದಿದ್ದಾರೆ. ದುಬೈಯಿಂದ ತರಿಸುವುದಾದರೆ ಬಿಲ್ಲನ್ನೂ ಮೊಹರು ಹಾಕಿದ ಗ್ಯಾರಂಟಿ ಕಾರ್ಡನ್ನೂ ಜೊತೆಗೇ ತರಲು ಹೇಳಿ, ವಿಮಾನ ನಿಲ್ದಾಣದಲ್ಲಿ ಕಟ್ಟಬೇಕಾದ ಸುಂಕವನ್ನೂ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ.