ಗಡ್ಡಿಯಲ್ಲಿ ಎರಡು ದಿನ ಬಿಡುವು

ರೈತನಿಗೆ ರಜೆ ಯಾವಾಗ? ಈ ಪ್ರಶ್ನೆ ನಮ್ಮ ಮನೆಯಲ್ಲಿ ಎದ್ದದ್ದು ತೊಗರಿ ರಾಶಿ ಮುಗಿಸಿ ಚೀಲದ ಬಾಯಿ ಹೊಲಿಯುವ ದಿನ. ಮನೆಯವಳು ದಬ್ಬಣ ಕೈಯಲ್ಲಿ ಹಿಡಿದೇ ಕೇಳಿದಳು: "ಮದುವಿಯಾಗಿ ಇಪ್ಪತ್ತೆರಡು ವರ್ಷಾತು. ಮಂದಿ ಮದುವಿ, ಮಣ್ಣು, ದವಾಖಾನಿ ಬಿಟ್ರ ನಾವು ಎಲ್ಲಿಗರ ಹೋಗೀವೇನ್ರಿ?"

ನನ್ನಲ್ಲಿ ಉತ್ತರ ಇರಲಿಲ್ಲ. ನಮ್ಮ ಹೊಲಮನೆ ಭೀಮರಾಯನಗುಡಿ ಹತ್ತಿರ, ರಸ್ತೆಗೆ ಹತ್ತಿಕೊಂಡೇ ಇದೆ. ಸುಗ್ಗಿ ಬಂತೆಂದರೆ ರಾತ್ರಿಯೆಲ್ಲ ಟ್ರ್ಯಾಕ್ಟರ್, ಲಾರಿಗಳ ಸಪ್ಪಳ. ಹೈಸ್ಕೂಲಿಗೆ ಹೋಗುವ ಮಗಳು ಹೇಳಿದಳು: "ಗಾಡಿ ಇರಬಾರ್ದು, ಸುತ್ತ ನೀರಿರಬೇಕು, ಹಕ್ಕಿ ಇರಬೇಕು. ಅಂಥಲ್ಲಿ ಹೋಗಾಮು." ಮಗ ಅದಕ್ಕೆ ಒಂದೇ ಹೆಸರು ಕೊಟ್ಟ: ದ್ವೀಪ.

ದೂರದ ದ್ವೀಪಗಳ ಲೆಕ್ಕ

ನಗಬೇಡಿ, ಲೆಕ್ಕ ಹಾಕಿದೆವು. ಲಕ್ಷದ್ವೀಪಕ್ಕೆ ಮೊದಲೇ ಪರವಾನಿಗೆ ಬೇಕು, ಆಮೇಲೆ ಕೊಚ್ಚಿಯಿಂದ ಹಡಗು. ಅದು ನಮ್ಮ ಕೈಗೆ ಎಟುಕುವ ಮಾತಲ್ಲ. ಉಡುಪಿಯ ಮಲ್ಪೆ ಎದುರಿಗೆ ಸೇಂಟ್ ಮೇರೀಸ್ ದ್ವೀಪವಿದೆ. ಸುಮಾರು ಆರು ಕಿಲೋಮೀಟರ್ ದೋಣಿಯಲ್ಲಿ ಹೋಗಬೇಕು. ಕಂಬ ನಿಲ್ಲಿಸಿದಂಥ ಕಲ್ಲು, ತೆಂಗಿನ ಮರ. ಒಂದು ಗಾಡಿಯೂ ಇಲ್ಲ. ಆದರೆ ರಾತ್ರಿ ಇರಲು ಬಿಡುವುದಿಲ್ಲ, ಮಳೆಗಾಲದಲ್ಲಿ ದೋಣಿ ಬಂದ್. ನಮ್ಮಿಂದ ಐನೂರು ಕಿಲೋಮೀಟರಿಗೂ ಮೇಲೆ. ಹೋಗಿಬರುವುದರಲ್ಲೇ ಎರಡು ದಿನ ಹೋಗುತ್ತದೆ, ಎಮ್ಮೆ ಹಿಂಡುವವರು ಯಾರು?

ಆಗ ನೆನಪಾದದ್ದು ನಮ್ಮ ಕೃಷ್ಣೆ. ಮನೆಯಿಂದ ಅರ್ಧ ದಿನದ ದಾರಿಯಲ್ಲೇ ಎಷ್ಟು ದ್ವೀಪಗಳಿವೆ! ನಾವು ಅವನ್ನು ದ್ವೀಪ ಎನ್ನುವುದಿಲ್ಲ, ಗಡ್ಡಿ ಎನ್ನುತ್ತೇವೆ, ಅದಕ್ಕೇ ಹೊಳೆದಿರಲಿಲ್ಲ. ಹೊಳೆ ಎರಡಾಗಿ ಸೀಳಿ ಮತ್ತೆ ಕೂಡುವಲ್ಲಿ ನಡುವೆ ಉಳಿದ ನೆಲವೇ ಗಡ್ಡಿ. ನಮ್ಮ ಕಡೆ ಕಕ್ಕೇರಾ ಹತ್ತಿರ ನೀಲಕಂಠರಾಯನಗಡ್ಡಿ. ಆಚೆ ದಂಡೆಗೆ ಲಿಂಗಸುಗೂರು ತಾಲ್ಲೂಕಿನ ಕಡದರಗಡ್ಡಿ, ಹಳೆಯ ಕೋಟೆಯ ಜಲದುರ್ಗ. ಇನ್ನೂ ಕೆಳಗೆ ರಾಯಚೂರು ಕಡೆ ಶ್ರೀಪಾದ ಶ್ರೀವಲ್ಲಭರ ಕುರುವಪುರ. ಇವಲ್ಲದೆ ನಾಲ್ಕಾರು ಮನೆಗಳ ಸಣ್ಣ ಗಡ್ಡಿಗಳೂ ಇವೆ. ಅಂಥದೊಂದರ ರೈತರು ನನಗೆ ಸಂತೆಯಲ್ಲಿ ಪರಿಚಯ. ಕೇಳಿದಾಗ, "ಬರ್ರಿ, ಅದಕ್ಕೇನ್ ಕೇಳ್ತೀರಿ" ಎಂದರು. ಅವರ ಗಡ್ಡಿಯ ಹೆಸರು ಇಲ್ಲಿ ಬರೆದಿಲ್ಲ. ಅದು ಅವರದೇ ಮಾತು: "ಹೆಸರ ಬರೀಬ್ಯಾಡ್ರಿ. ಮಂದಿ ಬಂದು ಬಾಟ್ಲಿ ಒಡದು ಹೋಗ್ತಾರ."

ಯೋಜನೆ ಮಾಡಿದ್ದು ಹೀಗೆ

ಮೊದಲು ದಿನ ಗೊತ್ತು ಮಾಡಿದೆವು. ಜುಲೈನಿಂದ ಅಕ್ಟೋಬರ್‌ವರೆಗೆ ಹೊಳೆಯ ಮಾತೇ ಬೇಡ. ಏಪ್ರಿಲ್–ಮೇದಲ್ಲಿ ಕಾಲುವೆ ಬಂದ್, ಕೈ ಖಾಲಿ ನಿಜ, ಆದರೆ ನಲವತ್ತು ದಾಟಿದ ಬಿಸಿಲಿನಲ್ಲಿ ಕಾದ ಬಂಡೆಗಳ ಮೇಲೆ ಯಾವ ಸುಖ? ಉಳಿದದ್ದು ಸಂಕ್ರಾಂತಿ. ಆ ದಿನ ಹೊಳೆಗೆ ಹೋಗಿ ಮಿಂದು, ಬುತ್ತಿ ಬಿಚ್ಚಿ ಉಣ್ಣುವುದು ಹೇಗೂ ನಮ್ಮ ಪದ್ಧತಿ. ಅದಕ್ಕೇ ಇನ್ನೊಂದು ದಿನ ಕೂಡಿಸಿದೆವು. ಶೇಂಗಾಕ್ಕೆ ಕಾಲುವೆ ನೀರು ವಾರಬಂದಿಯಲ್ಲಿ ಬರುತ್ತದೆ. ನಮ್ಮ ವಿತರಣಾ ಕಾಲುವೆಗೆ ಆ ದಿನಗಳಲ್ಲಿ ಬಂದ್ ಇದೆಯೋ ಚಾಲು ಇದೆಯೋ ವಿಚಾರಿಸಿಕೊಂಡೆ. ಬಂದ್ ಇತ್ತು.

ಎರಡನೆಯದು ದನಗಳು. ಬಾಜು ಹೊಲದವರ ಜೊತೆ ಮುಯ್ಯಿ ಮಾತಾಡಿದೆ. ಎರಡು ದಿನ ಅವರು ನಮ್ಮ ಎಮ್ಮೆ ನೋಡುವುದು, ಯುಗಾದಿಗೆ ಅವರು ಊರಿಗೆ ಹೋದಾಗ ನಾವು ಅವರ ದನ ನೋಡುವುದು. ಇಷ್ಟು ಸುಲಭದ ಕೆಲಸ ಇಪ್ಪತ್ತೆರಡು ವರ್ಷ ಯಾಕೆ ಹೊಳೆಯಲಿಲ್ಲವೋ!

ಮೂರನೆಯದು ಬುತ್ತಿ. ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಶೇಂಗಾ ಹೋಳಿಗಿ, ಪುಂಡಿಪಲ್ಯ, ಶೇಂಗಾ ಹಿಂಡಿ. ನಮಗೆ ಉಣ್ಣಲು ಮಾತ್ರವಲ್ಲ, ಗಡ್ಡಿಯ ಮನೆಯವರಿಗೂ ಕೊಡುವಷ್ಟು. ಅಲ್ಲಿಗೆ ಉಪ್ಪಿನಿಂದ ಹಿಡಿದು ಎಲ್ಲವೂ ತಲೆಯ ಮೇಲೆಯೇ ಹೋಗಬೇಕು. ನಾವು ಅವರ ಡಬ್ಬಿ ಖಾಲಿ ಮಾಡಿ ಬರಬಾರದು.

ಖರ್ಚು ಹೆಚ್ಚಾಗಲಿಲ್ಲ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ತಾಯಿ–ಮಗಳಿಗೆ ಬಸ್ ಚಾರ್ಜ್ ಇಲ್ಲ. ನಮ್ಮಿಬ್ಬರ ಟಿಕೆಟ್, ಟಂಟಂ, ಹರಗೋಲಿನವರಿಗೆ ಕೊಟ್ಟದ್ದು ಎಲ್ಲ ಸೇರಿ ಸಾವಿರದೊಳಗೆ ಮುಗಿಯಿತು.

ಹಕ್ಕಿ, ಹೊಳೆ, ಸದ್ದಿಲ್ಲದ ರಾತ್ರಿ

ಸುರಪುರದಲ್ಲಿ ಇಳಿದು ಮೊದಲು ಬೋನಾಳ ಕೆರೆಗೆ ಹೋದೆವು. ನಾಡಿನ ದೊಡ್ಡ ಪಕ್ಷಿಧಾಮಗಳಲ್ಲಿ ಒಂದು ನಮ್ಮ ಬಗಲಲ್ಲೇ ಇದ್ದರೂ ನಾನು ನೋಡಿರಲಿಲ್ಲ. ಚಳಿಗಾಲಕ್ಕೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತು ಇಲ್ಲಿಗೂ ಬರುತ್ತದೆ. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಒಮ್ಮೆ ನೋಡಿದರೆ ಗುರುತು ಮರೆಯುವುದಿಲ್ಲ. ಅಲ್ಲಿಂದ ಕಕ್ಕೇರಾ, ಮುಂದೆ ನಡಿಗೆ, ಕೊನೆಗೆ ಹರಗೋಲು. ಬುಟ್ಟಿಯಂಥ ಆ ಹರಗೋಲು ಗರಗರ ತಿರುಗಿದಾಗ ಮನೆಯವಳು ನನ್ನ ರಟ್ಟೆ ಹಿಡಿದು ನಕ್ಕದ್ದು ಈಗಲೂ ಕಣ್ಣ ಮುಂದಿದೆ.

ಗಡ್ಡಿಯಲ್ಲಿ ಜೋಳ, ಮೆಣಸಿನಕಾಯಿ, ಆಡು, ಕೋಳಿ. ಗಾಲಿ ಇರುವ ಸಾಮಾನು ಒಂದೂ ಕಾಣಲಿಲ್ಲ. ರಾತ್ರಿ ಅಂಗಳದಲ್ಲಿ ಕೌದಿ ಹಾಸಿ ಮಲಗಿದೆವು. ಕಲ್ಲಿನ ಸಂದಿಯಲ್ಲಿ ನೀರು ಹರಿಯುವುದು ಬಿಟ್ಟರೆ ಬೇರೆ ಸಪ್ಪಳವಿಲ್ಲ. "ಎಷ್ಟ ತಣ್ಣಗದ ನೋಡ್ರಿ ಇಲ್ಲಿ" ಎಂದು ಮನೆಯವಳು ಮನೆಯ ಮುದುಕಿಗೆ ಹೇಳಿದಳು.

ಆ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನಿಮಗ ಎರಡು ದಿನ ಚಂದ ಅನಸ್ತದ ಯವ್ವಾ. ಹೊಳಿ ಬಂದ ರಾತ್ರಿ ನನಗ ಇದ ಅಂಜಿಕಿ. ಇಲ್ಲಿಂದ ಒದರಿದ್ರ ಆ ದಂಡಿಗೆ ಕೇಳಂಗಿಲ್ಲ."

ಒಂದೇ ಡ್ಯಾಮಿನ ನೀರು

ಮರುದಿನ ಬೆಳಗಿನಲ್ಲಿ ಆ ರೈತರು ಬಂಡೆಯ ಮೇಲೆ ನೀರಿನ ಗುರುತು ತೋರಿಸಿದರು. ನನ್ನ ತಲೆಗಿಂತ ಎಷ್ಟೋ ಮೇಲಿತ್ತು. 2019ರ ಆಗಸ್ಟ್‌ನಲ್ಲಿ ನಾರಾಯಣಪುರದ ಬಸವಸಾಗರದಿಂದ ಹೊಳೆಗೆ ಬಿಟ್ಟ ನೀರು ಐದು ಲಕ್ಷ ಕ್ಯುಸೆಕ್ಸ್ ದಾಟಿತ್ತು. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಮುಂದಿನ ಗುಣಾಕಾರ ನೀವೇ ಮಾಡಿರಿ.

"ಡ್ಯಾಮ್ ತುಂಬತು ಅಂದ್ರ ನಿಮ್ಮ ನಾಟಿ ಸುರು, ನಮ್ಮ ದಾರಿ ಬಂದ್" ಎಂದರು ಅವರು. ಸಿಟ್ಟಿನಿಂದ ಹೇಳಿದ ಮಾತಲ್ಲ. ಆದರೂ ನನಗೆ ನಾಟಿತು. ನನ್ನ ಭತ್ತದ ಗದ್ದೆಗೆ ಬರುವುದು ನಾರಾಯಣಪುರ ಎಡದಂಡೆ ಕಾಲುವೆಯ ನೀರು. ಜುಲೈ ಬಂತೆಂದರೆ ಡ್ಯಾಮ್ ಎಷ್ಟು ತುಂಬಿತು, ನೀರು ಯಾವಾಗ ಬಿಡುತ್ತಾರೆ ಎಂದು ದಿನಾ ಕೇಳುವವನು ನಾನು. ಅದೇ ದಿನಗಳಲ್ಲಿ ಹೆಚ್ಚಾದ ನೀರು ಗೇಟಿನಿಂದ ಹೊಳೆಗೆ ಇಳಿಯುತ್ತದೆ. ನಡುಗಡ್ಡೆಯವರ ಸಂಪರ್ಕ ಕಡಿತ ಎಂಬ ಸುದ್ದಿಯನ್ನು ಪ್ರತಿ ಮಳೆಗಾಲ ಪೇಪರಿನಲ್ಲಿ ನೋಡಿ, ಪುಟ ತಿರುವಿ, ಹತ್ತಿಯ ರೇಟು ನೋಡಿದವನೂ ನಾನೇ.

2014ರ ಮುಂಗಾರಿನಲ್ಲಿ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬಳು ಒಣಗಿದ ಬುರುಡೆಗಳನ್ನು ಕಟ್ಟಿಕೊಂಡು, ಮನೆಯವರ ನೆರವಿನಿಂದ ತುಂಬಿದ ಕೃಷ್ಣೆಯನ್ನು ಈಜಿ ದಾಟಿದ್ದಳು. ಹೆರಿಗೆಗೆ ದವಾಖಾನೆ ಇರುವ ದಂಡೆ ಸೇರಬೇಕಿತ್ತು. ಸುದ್ದಿ ದೇಶವೆಲ್ಲ ಆಯಿತು. ಅವಳ ಧೈರ್ಯವನ್ನು ಹೊಗಳಿದೆವು. ಅಂಥ ಧೈರ್ಯ ಅವಳಿಗೆ ಯಾಕೆ ಬೇಕಾಯಿತು ಎಂದು ನಾನಂತೂ ಕೇಳಿರಲಿಲ್ಲ.

ನಾವು ಉಳಿದ ಮನೆಯ ಸೊಸೆಗೂ ಆಗ ಎರಡು ತಿಂಗಳು. ಬೆರಳು ಮಡಿಚಿ ಲೆಕ್ಕ ಹಾಕಿದರೆ ಆಗಸ್ಟ್ ತಿಂಗಳು ಬರುತ್ತಿತ್ತು.

ಹೋಗುವವರಿಗೆ ನಾಲ್ಕು ಮಾತು

1. ಗಡ್ಡಿಯಲ್ಲಿ ಪರಿಚಯದವರು ಇದ್ದರೆ, ಅವರು ಬರ್ರಿ ಎಂದರೆ ಮಾತ್ರ ಹೋಗಿರಿ. ಪ್ರತಿ ಗಡ್ಡಿಯ ದಾರಿ ಬೇರೆ, ಅದೂ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ದಂಡೆಯ ಊರಿನಲ್ಲಿ ವಿಚಾರಿಸಿಕೊಳ್ಳಿ.

2. ಮಳೆಗಾಲ ಮುಗಿದರೂ ಹೊಳೆಯನ್ನು ನಂಬಬೇಡಿ. ಕೆಳಗಿನ ಊರುಗಳ ಕುಡಿಯುವ ನೀರಿಗೆ, ರಾಯಚೂರಿನ ವಿದ್ಯುತ್ ಕೇಂದ್ರಕ್ಕೆ ಡ್ಯಾಮಿನಿಂದ ನೀರು ಬಿಡುವುದುಂಟು. ಹೊರಡುವ ಮೊದಲು ಕೇಳಿ, ತಲುಪಿದ ಮೇಲೆ ಇನ್ನೊಮ್ಮೆ ಕೇಳಿ.

3. ಕೃಷ್ಣೆಯಲ್ಲಿ ಮೊಸಳೆಗಳಿವೆ. ಮಡುವಿಗೆ ಇಳಿಯಬೇಡಿ. ಅಲ್ಲಿಯವರು ತೋರಿಸಿದಲ್ಲಿ ಮಾತ್ರ ಮೀಯಿರಿ, ಹೊತ್ತು ಮುಳುಗಿದ ಮೇಲೆ ದಂಡೆಯಲ್ಲಿ ಕೂಡಬೇಡಿ. ಹರಗೋಲಿಗೆ ಅವರು ಹೇಳಿದಷ್ಟೇ ಮಂದಿ ಹತ್ತಿರಿ.

4. ಒಯ್ದ ಪ್ಲಾಸ್ಟಿಕ್ ತಿರುಗಿ ತನ್ನಿರಿ. ಬರುವಾಗ ಕಾಳು, ಮೆಣಸಿನಕಾಯಿ, ತತ್ತಿ ಏನಾದರೂ ಅವರಿಂದಲೇ ರೊಕ್ಕ ಕೊಟ್ಟು ಕೊಳ್ಳಿರಿ. ದಂಡೆಗೆ ಹೊತ್ತು ತಂದು ಮಾರುವ ಶ್ರಮ ಅವರಿಗೆ ಅಷ್ಟು ಉಳಿಯುತ್ತದೆ.

ಐದನೆಯ ಮಾತನ್ನು ನಾನು ಯೋಜನೆಯಲ್ಲಿ ಬರೆದುಕೊಂಡಿರಲಿಲ್ಲ, ಅದನ್ನು ಮಾಡಿದವಳು ಮನೆಯವಳು. ಹರಗೋಲು ಹತ್ತುವ ಮೊದಲು ಅಜ್ಜಿಯ ಕೈ ಹಿಡಿದು, "ಹೊಳಿ ಬರೂಕಿಂತ ಮೊದ್ಲ ಸೊಸೀನ ನಮ್ಮನಿಗೆ ಕಳಸ್ರಿ. ಶಹಾಪುರ ದವಾಖಾನಿ ನಮಗ ಹತ್ತರ ಅದ" ಎಂದಳು. ಬಾಯಿಮಾತಿಗೆ ಅಂದಿದ್ದಾಳೆ ಎಂದುಕೊಂಡಿದ್ದೆ. ಜೂನ್ ಕೊನೆಗೆ ತಾನೇ ಫೋನ್ ಮಾಡಿ ಕರೆಸಿಕೊಂಡಳು.

ಆ ವರ್ಷವೂ ಹೊಳೆ ಬಂತು. ಕಾಲುವೆಗೂ ನೀರು ಬಂತು, ನಮ್ಮ ನಾಟಿ ಆಯಿತು. ಆ ಹುಡುಗಿ ನಮ್ಮ ಪಡಸಾಲೆಯಲ್ಲಿ ಕುಳಿತು ಅಕ್ಕಿ ಆರಿಸುತ್ತ ದಿನಾ ಸಂಜೆ ಗಡ್ಡಿಗೆ ಫೋನ್ ಹಚ್ಚುತ್ತಿದ್ದಳು. ಆಗಸ್ಟ್‌ನಲ್ಲಿ ಶಹಾಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಹೆಣ್ಣು ಮಗುವಾಯಿತು. ಹೊಳೆ ಇಳಿದ ಮೇಲೆ ಅಜ್ಜಿ ಒಂದು ಚೀಲ ಜೋಳ ಹೊರಿಸಿಕೊಂಡು ಮೊಮ್ಮಗಳನ್ನು ನೋಡಲು ಬಂದರು. ಇಷ್ಟೆಲ್ಲ ಯಾಕೆ ತಂದಿರಿ ಎಂದರೆ ಮನೆಯವಳೇ ಉತ್ತರ ಕೊಟ್ಟಳು: "ಇರ್ಲಿ ಬಿಡ್ರಿ. ಅವರು ನಮಗ ಎರಡು ದಿನ ಕೊಟ್ರು, ನಾವು ಅವರಿಗೆ ಎರಡು ತಿಂಗಳು ಕೊಟ್ಟೀವಿ. ಮುಯ್ಯಿ ಅಂದ್ರ ಇದ ಅಲ್ಲೇನ್ರಿ?"

ಬರುವ ಸಂಕ್ರಾಂತಿಗೂ ಗಡ್ಡಿಗೆ ಹೋಗುವುದೆಂದು ಗೊತ್ತಾಗಿದೆ. ಎಮ್ಮೆ ನೋಡಲು ಬಾಜು ಹೊಲದವರು ಒಪ್ಪಿದ್ದಾರೆ.