ಉಪನಗರದ ನೌಕರ: 'ಡೊಂಬಿವಲಿ ಫಾಸ್ಟ್' ಮತ್ತು ಕನ್ನಡದ ಮುಂಬಯಿ

ಮುಂಬಯಿಯನ್ನು ಕುರಿತ ಕನ್ನಡ ಕಥನವನ್ನು ಅಭ್ಯಸಿಸುವವರಿಗೆ ಒಂದು ಮರಾಠಿ ಚಿತ್ರ ಉಪಯುಕ್ತವಾದ ತೌಲನಿಕ ಆಕರವಾಗಬಲ್ಲುದೆಂದು ನಾವು ಭಾವಿಸುತ್ತೇವೆ. ಅದು 2020ರಲ್ಲಿ ನಿಧನರಾದ ನಿಶಿಕಾಂತ್ ಕಾಮತರು ನಿರ್ದೇಶಿಸಿದ ಪ್ರಥಮ ಚಿತ್ರ 'ಡೊಂಬಿವಲಿ ಫಾಸ್ಟ್' (2005). ಅತ್ಯುತ್ತಮ ಮರಾಠಿ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಇದಕ್ಕೆ ಸಂದಿದೆ.

ಮಧ್ಯ ರೈಲ್ವೆಯ ಮಾರ್ಗವು ಕಲ್ಯಾಣದಲ್ಲಿ ಕವಲೊಡೆಯುತ್ತದೆ. ಕಸಾರಾ ಕವಲಿನ ಮೊದಲ ನಿಲ್ದಾಣವೇ ಶಹಾಡ್. ಶಹಾಡ್, ಕಲ್ಯಾಣ, ಡೊಂಬಿವಲಿಗಳಲ್ಲಿ ಮನೆ ಮಾಡಿಕೊಂಡು ಮುಂಬಯಿಯಲ್ಲಿ ದುಡಿಯುವವರ ದಿನಚರಿಯನ್ನು ಲೋಕಲ್ ರೈಲಿನ ವೇಳಾಪಟ್ಟಿಯೇ ನಿರ್ಧರಿಸುತ್ತದೆ. ಕಾಮತರ ನಾಯಕ ಮಾಧವ ಆಪ್ಟೆ ಇಂಥವರಲ್ಲೊಬ್ಬ: ಬ್ಯಾಂಕ್ ನೌಕರ, ಸಂಸಾರವಂದಿಗ, ಪ್ರಾಮಾಣಿಕ. ನಿತ್ಯದ ಸಣ್ಣಪುಟ್ಟ ಅನ್ಯಾಯಗಳನ್ನು ಸಹಿಸಲಾರದೆ ಒಂದು ದಿನ ಕ್ರಿಕೆಟ್ ಬ್ಯಾಟು ಹಿಡಿದು ಹಿಂಸೆಗಿಳಿಯುತ್ತಾನೆ.

ಯಶವಂತ ಚಿತ್ತಾಲರ 'ಶಿಕಾರಿ'ಯ (1979) ನಾಗಪ್ಪನೂ ಮುಂಬಯಿಯ ನೌಕರನೇ. ಆದರೆ ಅವನನ್ನು ಬೇಟೆಯಾಡುವುದು ಕಂಪನಿಯ ಒಳಸಂಚು. ಅವನ ಹೋರಾಟ ಬಹುಮಟ್ಟಿಗೆ ಅಂತರಂಗದ್ದು. ವ್ಯಾಸರಾಯ ಬಲ್ಲಾಳರ 'ಬಂಡಾಯ'ದಲ್ಲಿ ಪ್ರತಿಭಟನೆಗೆ ಕಾರ್ಮಿಕ ಸಂಘಟನೆಯ ಆಸರೆಯುಂಟು. ಆಪ್ಟೆಗೆ ನಾಗಪ್ಪನ ಆತ್ಮಶೋಧನೆಯೂ ದಕ್ಕಿಲ್ಲ, ಬಲ್ಲಾಳರ ಕಾರ್ಮಿಕರ ಸಂಘವೂ ಇಲ್ಲ. ಆದುದರಿಂದಲೇ ಅವನ ನ್ಯಾಯನಿಷ್ಠೆ ಬರಿಯ ಪ್ರಹಾರವಾಗಿ ಮಾರ್ಪಡುತ್ತದೆ. ಅದನ್ನು ವೀರಕೃತ್ಯವೆಂದು ಮೆಚ್ಚಿದರೆ ಚಿತ್ರವು ತೋರುವ ಒಂಟಿತನವೇ ನಮ್ಮ ಗಮನದಿಂದ ತಪ್ಪಿಹೋದೀತು.

ಈ ಮೂರು ಕೃತಿಗಳನ್ನು ಒಟ್ಟಿಗೆ ಓದಿದಾಗ, ಒಂದೇ ನಗರದ ದುಡಿಯುವ ಮನುಷ್ಯನು ಯಾರ ನೆರವಿನಿಂದ ಅನ್ಯಾಯವನ್ನು ಎದುರಿಸಬಲ್ಲನು ಎಂಬ ಪ್ರಶ್ನೆ ಸ್ಪಷ್ಟವಾಗುತ್ತದೆ. ಹೊರನಾಡಿನ ಸಂಶೋಧಕರು ಭಾಷೆಯ ಗಡಿಗಳನ್ನು ದಾಟಿ ಈ ಪ್ರಶ್ನೆಯನ್ನು ಮುಂದುವರಿಸಬೇಕೆಂಬುದು ನಮ್ಮ ಆಶಯ.